ಪಾಲಕನ ಗುಣಗಳು: ಮಹಾ ಗ್ರೆಗೊರಿಯ ಗ್ರಂಥವೂ ಅವನ ಪತ್ರಗಳೂ

ಕ್ರೈಸ್ತಸಭೆಯ ನಾಯಕನಾಗತಕ್ಕವನಲ್ಲಿ ಯಾವ ಗುಣಗಳಿರಬೇಕೆಂಬ ವಿಚಾರವಾಗಿ ಪಶ್ಚಿಮ ಯೂರೋಪಿನಲ್ಲಿ ರಚಿತವಾದ ಗ್ರಂಥಗಳು ಅನೇಕ. ಅವುಗಳಲ್ಲಿ ಮೊದಲನೆಯ ಗ್ರೆಗೊರಿ ಪೋಪನು ಕ್ರಿ.ಶ. 590-591ರ ಸುಮಾರಿನಲ್ಲಿ ಬರೆದ ‘ರೆಗುಲಾ ಪಾಸ್ಟೊರಾಲಿಸ್’ ಎಂಬ ಲ್ಯಾಟಿನ್ ಗ್ರಂಥದಷ್ಟು ದೀರ್ಘಕಾಲ ಓದಲ್ಪಟ್ಟುದು ವಿರಳ. ಇದನ್ನು ಕನ್ನಡದಲ್ಲಿ ‘ಪಾಲಕನಿಯಮ’ ಎಂದು ಕರೆಯಬಹುದು. ಕುರಿಗಳನ್ನು ಕಾಯುವವನೆಂಬ ಮೂಲದ ರೂಪಕವು ‘ಪಾಲಕ’ ಎಂಬ ನಮ್ಮ ಮಾತಿನಲ್ಲಿ ಅರ್ಧದಷ್ಟಾದರೂ ಉಳಿಯುತ್ತದೆ. ‘ಸಭಾಪಾಲಕ’ನೆಂಬ ಮಾತು ನಮ್ಮ ಕ್ರೈಸ್ತರಲ್ಲಿ ಬಳಕೆಯಲ್ಲಿರುವುದೂ ಉಂಟು. ಈ ಗ್ರಂಥವನ್ನು ಸಾಮಾನ್ಯವಾಗಿ ಸದ್ಗುಣಗಳ ಒಂದು ಪಟ್ಟಿಯೆಂದೇ ಓದುವುದು ರೂಢಿಯಾಗಿದೆ. ಮಧ್ಯಯುಗದ ಚರಿತ್ರೆಯ ಪಠ್ಯಪುಸ್ತಕಗಳು ಇದಕ್ಕೆ ಎರಡು ವಾಕ್ಯಗಳನ್ನು ಮೀಸಲಿಟ್ಟು, ಗ್ರೆಗೊರಿಯು ಬಿಷಪ್ಪರಿಗೆ ವಿನಯವನ್ನೂ ಶುದ್ಧತೆಯನ್ನೂ ಉಪದೇಶಿಸಿದನೆಂದು ಹೇಳಿ ಮುಂದೆ ಸಾಗುತ್ತವೆ. ಆದರೆ ಗ್ರಂಥದಲ್ಲಿರುವುದು ಅದಲ್ಲ. ಅಥವಾ ಅದಷ್ಟೇ ಅಲ್ಲ. ಗುಣವು ಅಧಿಕಾರದ ಸಂಪರ್ಕದಿಂದ ಹೇಗೆ ಕೆಡುತ್ತದೆಂಬುದೇ ಅದರ ನಿಜವಾದ ವಿಷಯವೆಂದೂ, ಆ ಕೇಡಿಗೆ ಗ್ರೆಗೊರಿಯು ಸೂಚಿಸಿದ ಮದ್ದು ಅವನ ಕೈಯಲ್ಲಿಯೇ ಸಾಕಾಗಲಿಲ್ಲವೆಂದೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ. ಇದಕ್ಕಾಗಿ ಗ್ರಂಥವನ್ನು ಅದೇ ಕರ್ತೃವಿನ ಪತ್ರಗಳ ಪಕ್ಕದಲ್ಲಿಟ್ಟು ಓದಬೇಕಾಗುತ್ತದೆ. ಎಂಟುನೂರಕ್ಕೂ ಮಿಕ್ಕಿದ ಆ ಪತ್ರಗಳು ನಮಗೆ ದೊರೆತಿರುವುದು ಚರಿತ್ರಕಾರನ ಭಾಗ್ಯವೆನ್ನಬೇಕು.

ಮೊದಲು ಗ್ರಂಥದ ಸಂದರ್ಭ. ಗ್ರೆಗೊರಿಯು ಸುಮಾರು 540ರಲ್ಲಿ ರೋಮಿನ ಒಂದು ಶ್ರೀಮಂತ ಕುಲದಲ್ಲಿ ಜನಿಸಿದವನು. 573ರ ಸುಮಾರಿಗೆ ನಗರದ ಆಡಳಿತಾಧಿಕಾರಿಯ ಪದವಿಯನ್ನೂ ವಹಿಸಿದ್ದವನು. ಬಳಿಕ ಆ ವೈಭವವನ್ನೆಲ್ಲ ತ್ಯಜಿಸಿ, ಕೇಲಿಯನ್ ಗುಡ್ಡದ ಮೇಲಿದ್ದ ತನ್ನ ಮನೆಯನ್ನೇ ಮಠವನ್ನಾಗಿ ಮಾಡಿ ಸಂನ್ಯಾಸಿಯಾದನು. ಆದರೆ ಸಭೆಯು ಅವನನ್ನು ಅಲ್ಲಿ ಬಹುಕಾಲ ಇರಗೊಡಲಿಲ್ಲ. ಪೋಪನ ಪ್ರತಿನಿಧಿಯಾಗಿ ಕಾನ್‌ಸ್ಟಾಂಟಿನೋಪಲಿನ ಆಸ್ಥಾನದಲ್ಲಿ ಹಲವು ವರ್ಷ ನಿಲ್ಲಬೇಕಾಯಿತು. 589ರಲ್ಲಿ ಟೈಬರ್ ನದಿಯು ಉಕ್ಕಿ ರೋಮಿನ ಧಾನ್ಯದ ಕಣಜಗಳು ಹಾಳಾದುವು. ಅದರ ಬೆನ್ನಹಿಂದೆಯೇ ಪ್ಲೇಗು ಬಂದಿತು. 590ರ ಫೆಬ್ರವರಿಯಲ್ಲಿ ಪೋಪ್ ಎರಡನೆಯ ಪೆಲಾಜಿಯಸನು ಅದಕ್ಕೆ ಬಲಿಯಾದನು. ಜನರೂ ಪಾದ್ರಿಗಳೂ ಗ್ರೆಗೊರಿಯನ್ನು ಆರಿಸಿದರು. ಅವನಾದರೋ ಈ ಆಯ್ಕೆಗೆ ಸಮ್ಮತಿ ಕೊಡಬಾರದೆಂದು ಸಾಮ್ರಾಟನಾದ ಮೋರೀಸನಿಗೆ ಬರೆದುಕೊಂಡನೆಂದು ಸಮಕಾಲೀನನಾದ ತೂರ್ ಪಟ್ಟಣದ ಗ್ರೆಗೊರಿಯು ತನ್ನ ಚರಿತ್ರೆಯಲ್ಲಿ ಹೇಳುತ್ತಾನೆ. ಪ್ರಯತ್ನವು ಫಲಿಸಲಿಲ್ಲ. 590ನೆಯ ಸೆಪ್ಟೆಂಬರ್ 3ರಂದು ಅವನ ಅಭಿಷೇಕವಾಯಿತು. ಹೀಗೆ ಪದವಿಯಿಂದ ನುಣುಚಿಕೊಳ್ಳಲು ಯತ್ನಿಸಿದುದಕ್ಕಾಗಿ ರವೆನ್ನದ ಬಿಷಪ್ಪನಾದ ಜಾನನು ಸ್ನೇಹದಿಂದಲೇ ಆಕ್ಷೇಪಿಸಿದನು. ಆ ಆಕ್ಷೇಪಕ್ಕೆ ಕೊಟ್ಟ ಉತ್ತರವೇ ‘ಪಾಲಕನಿಯಮ’. ಅಂದಮೇಲೆ ಇದು ಪೀಠದ ಮೇಲೆ ಸುಸ್ಥಿರವಾಗಿ ಕುಳಿತವನು ಕಿರಿಯರಿಗೆ ಮಾಡಿದ ಉಪದೇಶವಲ್ಲ. ಪೀಠವನ್ನು ಕಂಡು ಹೆದರಿದವನು ತನ್ನ ಹೆದರಿಕೆಗೆ ಕೊಟ್ಟ ಸಮಜಾಯಿಷಿ. ಓದುಗನು ಇದನ್ನು ಮರೆಯಲಾಗದು.

ನಾಯಕನ ಗುಣಗಳ ವಿಚಾರವಾಗಿ ಗ್ರೆಗೊರಿಯ ಮುಂದೆ ಎರಡು ಸಂಪ್ರದಾಯಗಳಿದ್ದುವು. ಮೊದಲನೆಯದು ಹೊಸ ಒಡಂಬಡಿಕೆಯದು. ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ ಮೂರನೆಯ ಅಧ್ಯಾಯದಲ್ಲಿ ಸಭಾಧ್ಯಕ್ಷನಾಗತಕ್ಕವನ ಲಕ್ಷಣಗಳನ್ನು ಹೇಳಿದೆ: ಅವನು ಏಕಪತ್ನಿಯುಳ್ಳವನು, ಮಿತಾಚಾರಿ, ಅತಿಥಿಗಳನ್ನು ಆದರಿಸುವವನು, ಬೋಧಿಸಬಲ್ಲವನು ಆಗಿರಬೇಕು, ಕುಡುಕನೂ ಜಗಳಗಂಟನೂ ಹಣದಾಸೆಯವನೂ ಆಗಿರಬಾರದು, ಮನೆಯನ್ನು ಚೆನ್ನಾಗಿ ನಡಸಿದವನಾಗಿರಬೇಕು, ಹೊಸದಾಗಿ ಮತಕ್ಕೆ ಸೇರಿದವನಾಗಿರಬಾರದು, ಹೊರಗಿನವರಲ್ಲಿಯೂ ಅವನಿಗೆ ಒಳ್ಳೆಯ ಹೆಸರಿರಬೇಕು. ಈ ಪಟ್ಟಿಯನ್ನು ಮೊದಲಬಾರಿಗೆ ಓದುವವನಿಗೆ ಆಶ್ಚರ್ಯವಾಗುವುದು ಅದರ ಸಾಧಾರಣತೆ. ಇದರಲ್ಲಿ ತಪಸ್ಸಿಲ್ಲ, ದಿವ್ಯದರ್ಶನವಿಲ್ಲ, ಪವಾಡವಿಲ್ಲ. ಯಾವ ಊರಿನಲ್ಲಿಯಾದರೂ ನಾಲ್ಕು ಜನ ಒಪ್ಪುವ ಗೃಹಸ್ಥನ ಚಿತ್ರವಿದೆ. ಅದೇ ಮೊದಲನೆಯ ಶತಮಾನದಲ್ಲಿ ಒನಸ್ಯಾಂಡರನೆಂಬ ಗ್ರೀಕ್ ಲೇಖಕನು ಸೇನಾಪತಿಯನ್ನು ಆರಿಸುವ ಬಗೆಯನ್ನು ಕುರಿತು ಬರೆಯುತ್ತ ಮಿತಾಚಾರ, ಎಚ್ಚರ, ಧನದಲ್ಲಿ ನಿರಾಸೆ, ಮಾತಿನ ಸಾಮರ್ಥ್ಯ, ಒಳ್ಳೆಯ ಹೆಸರು ಮೊದಲಾಗಿ ಬಹುಮಟ್ಟಿಗೆ ಇವೇ ಗುಣಗಳನ್ನು ಎಣಿಸಿರುವುದನ್ನು ವಿದ್ವಾಂಸರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಆ ಕಾಲದ ಲೋಕವು ಯಾವ ಅಧಿಕಾರಿಯಲ್ಲಿಯಾದರೂ ಬಯಸುತ್ತಿದ್ದ ಗುಣಗಳನ್ನೇ ಎಳೆಯ ಸಭೆಯೂ ತನ್ನ ಅಧಿಕಾರಿಯಲ್ಲಿ ಬಯಸಿತು. ಈ ಪತ್ರಿಕೆಯು ಪೌಲನದಲ್ಲ, ಅವನ ತರುವಾಯದ ಶಿಷ್ಯಪರಂಪರೆಯದೆಂದು ಹೆಚ್ಚಿನ ವಿಮರ್ಶಕರು ಭಾವಿಸುತ್ತಾರೆ; ಈ ಸಾಧಾರಣತೆಯೂ ಆ ಊಹೆಗೆ ಹೊಂದುತ್ತದೆ. ಪಟ್ಟಿಯನ್ನು ಹೀನಾಯವಾಗಿ ಕಾಣಬೇಕಾದುದಿಲ್ಲ. ಅದರ ಒಂದೊಂದು ಗುಣವನ್ನೂ ನೆರೆಹೊರೆಯವರು ಕಣ್ಣಿನಿಂದ ನೋಡಿ ಹೌದು ಅಲ್ಲ ಎನ್ನಬಹುದು. ಈ ಅಂಶವು ಮುಂದೆ ನಮಗೆ ಬೇಕಾಗುತ್ತದೆ.

ಎರಡನೆಯ ಸಂಪ್ರದಾಯವು ನಾಲ್ಕನೆಯ ಶತಮಾನದ್ದು. ಅದನ್ನು ಪಲಾಯನದ ಸಂಪ್ರದಾಯವೆನ್ನಬಹುದು. ನಜಿಯಾಂಜಸಿನ ಗ್ರೆಗೊರಿಯು ತನ್ನ ತಂದೆಯಿಂದಲೇ ಬಲಾತ್ಕಾರವಾಗಿ ಗುರುದೀಕ್ಷೆಯನ್ನು ಹೊಂದಿ, ಓಡಿಹೋಗಿ, 362ರಲ್ಲಿ ಹಿಂದಿರುಗಿ ಬಂದು ತಾನು ಓಡಿಹೋದುದೇಕೆಂದು ದೀರ್ಘವಾದ ಭಾಷಣವನ್ನು ರಚಿಸಿದನು. ಆತ್ಮಗಳನ್ನು ನಡಸುವುದು ಕಲೆಗಳಲ್ಲೆಲ್ಲ ದೊಡ್ಡ ಕಲೆಯೆಂಬ ಭಾವನೆಯು ಅಲ್ಲಿಂದ ನಮ್ಮ ಪೋಪನಿಗೆ ಬಂದಿದೆ. ಜಾನ್ ಕ್ರಿಸೊಸ್ಟಮನು ಗುರುತ್ವವನ್ನು ಕುರಿತ ಆರು ಪುಸ್ತಕಗಳ ಸಂವಾದದಲ್ಲಿ, ತಾನು ಅಡಗಿಕೊಂಡು ತನ್ನ ಗೆಳೆಯನನ್ನು ಮಾತ್ರ ಉಪಾಯದಿಂದ ಪದವಿಗೆ ಸಿಕ್ಕಿಸಿದ ಕಥೆಯನ್ನು ಹೇಳಿಕೊಂಡಿದ್ದಾನೆ. ಆಂಬ್ರೋಸನು 374ರಲ್ಲಿ ಮಿಲಾನಿನ ರಾಜ್ಯಾಧಿಕಾರಿಯಾಗಿದ್ದಾಗ, ಇನ್ನೂ ದೀಕ್ಷಾಸ್ನಾನವೇ ಆಗದಿದ್ದರೂ, ಜನರ ಕೂಗಿಗೆ ಸಿಕ್ಕಿ ಬಿಷಪ್ಪನಾದನು. ಅವನೂ ತಪ್ಪಿಸಿಕೊಳ್ಳಲು ಯತ್ನಿಸಿದವನೇ. 391ರಲ್ಲಿ ಹಿಪ್ಪೊ ಪಟ್ಟಣದ ಜನ ಆಗಸ್ಟೀನನನ್ನು ಹಿಡಿದು ನಿಲ್ಲಿಸಿ ಗುರುದೀಕ್ಷೆ ಕೊಡಿಸಿದಾಗ ಅವನು ಅತ್ತನಂತೆ. ಇಷ್ಟು ಜನ ಓಡಿದಮೇಲೆ ಓಟವೂ ಒಂದು ಸಂಪ್ರದಾಯವಾಗಿ, ಓಡದವನು ಅಯೋಗ್ಯನೆಂಬ ಶಂಕೆಗೆ ಗುರಿಯಾಗುವ ಸ್ಥಿತಿ ಬಂದಿತು. ಈ ಭಾಗವನ್ನು ತರಗತಿಯಲ್ಲಿ ಹೇಳುತ್ತಿದ್ದಾಗ ಒಬ್ಬ ವಿದ್ಯಾರ್ಥಿನಿಯು, ಬೇಡವೆಂದವನಿಗೇ ಪದವಿ ದೊರೆಯುವುದಾದರೆ ಪದವಿ ಬೇಕಾದವನೂ ಬೇಡವೆಂದೇ ಹೇಳುವುದನ್ನು ಕಲಿಯುವುದಿಲ್ಲವೇ ಎಂದು ಕೇಳಿದಳು. ಪ್ರಶ್ನೆಯು ಯಥಾರ್ಥವಾದುದು. ಗ್ರೆಗೊರಿಯೂ ಅದನ್ನು ಕೇಳಿಕೊಂಡಿದ್ದಾನೆಂಬುದೇ ಅವನ ಹೆಚ್ಚಳ.

ಹಿಂದಿನ ಎರಡು ಸಂಪ್ರದಾಯಗಳಲ್ಲಿ ಯಾವುದನ್ನೂ ಅವನು ಹಾಗೆಯೇ ಒಪ್ಪಿಕೊಳ್ಳುವುದಿಲ್ಲ. ಸಭಾಧ್ಯಕ್ಷನಾಗಲು ಬಯಸುವವನು ಒಳ್ಳೆಯ ಕಾರ್ಯವನ್ನೇ ಬಯಸುತ್ತಾನೆಂಬ ಪತ್ರಿಕೆಯ ಮಾತನ್ನು ಪದವಿಯ ಆಶೆಯುಳ್ಳವರು ತಮಗೆ ಆಧಾರವಾಗಿ ಹಿಡಿಯುತ್ತಿದ್ದರು. ಆ ಮಾತನ್ನಾಡಿದ ಕಾಲದಲ್ಲಿ ಸಭೆಯ ಮುಖಂಡನಾದವನನ್ನೇ ಹಿಂಸೆಗೂ ಮರಣಕ್ಕೂ ಮೊಟ್ಟಮೊದಲು ಎಳೆದೊಯ್ಯುತ್ತಿದ್ದರೆಂದು ಗ್ರೆಗೊರಿಯು ನೆನಪು ಮಾಡಿಕೊಡುತ್ತಾನೆ. ಅಂದು ಅದು ಪ್ರಾಣಕ್ಕೆ ಎರವಾಗುವ ಆಶೆ, ಇಂದು ಮಾನ್ಯತೆಯ ಆಶೆ. ಮಾತು ಒಂದೇ ಆದರೂ ಕಾಲ ಬದಲಾದಮೇಲೆ ಅರ್ಥವೂ ಬದಲಾಯಿತು. ವೇದವಾಕ್ಯವನ್ನು ಅದರ ಕಾಲದಲ್ಲಿಟ್ಟು ಓದುವ ಈ ಒಂದು ಪುಟವು ಚರಿತ್ರೆಯ ಅಧ್ಯಾಪಕನಿಗೆ ವಿಶೇಷ ಸಂತೋಷವನ್ನು ಕೊಡುತ್ತದೆಂದು ಒಪ್ಪಿಕೊಳ್ಳುತ್ತೇನೆ. ಇನ್ನು ಪಲಾಯನದ ವಿಚಾರ. ಪ್ರವಾದಿಗಳಲ್ಲಿ ಯೆಶಾಯನು ತನ್ನನ್ನು ಕಳುಹಿಸೆಂದು ತಾನಾಗಿ ಮುಂದೆ ಬಂದನು. ಯೆರೆಮೀಯನು ತಾನು ಬಾಲಕನೆಂದು ಹಿಂಜರಿದನು. ಇಬ್ಬರ ಮಾತೂ ಪ್ರೀತಿಯ ಒಂದೇ ಬುಗ್ಗೆಯಿಂದ ಬಂದುವೆಂದು ಗ್ರೆಗೊರಿಯ ತೀರ್ಮಾನ: ಒಬ್ಬನದು ನೆರೆಯವರ ಮೇಲಣ ಪ್ರೀತಿ, ಇನ್ನೊಬ್ಬನದು ದೇವರ ಧ್ಯಾನದಲ್ಲಿ ಪ್ರೀತಿ. ಹಿಂಜರಿದವನೂ ಕೊನೆಯವರೆಗೆ ಪ್ರತಿಭಟಿಸಲಿಲ್ಲ. ಇತರರಿಗೆ ಉಪಯೋಗವಾಗಬಲ್ಲ ಶಕ್ತಿಯಿದ್ದೂ ತನ್ನ ನೆಮ್ಮದಿಗಾಗಿ ಮೂಲೆ ಹಿಡಿದವನು, ತನ್ನಿಂದ ಎಷ್ಟು ಜನಕ್ಕೆ ಪ್ರಯೋಜನವಾಗಬಹುದಿತ್ತೋ ಅಷ್ಟು ಜನರ ವಿಷಯದಲ್ಲಿ ತಪ್ಪಿತಸ್ಥನೆಂದು ಅವನು ಕಟುವಾಗಿಯೇ ಬರೆಯುತ್ತಾನೆ. ಹೀಗೆ ಒಲ್ಲೆನೆಂಬುದು ತಾನಾಗಿ ಗುಣವಲ್ಲ, ಬೇಕೆಂಬುದು ತಾನಾಗಿ ದೋಷವಲ್ಲ. ಒಳಗಿರುವುದು ಏನೆಂಬುದೇ ಪ್ರಶ್ನೆ. ಅದನ್ನು ಕಾಣುವುದೇ ಕಷ್ಟ. ಪದವಿಯನ್ನು ಬಯಸುವ ಮನಸ್ಸು ತಾನು ಮುಂದೆ ಮಾಡಲಿರುವ ಸತ್ಕಾರ್ಯಗಳನ್ನೆಲ್ಲ ತನಗೆ ತಾನೇ ಬಣ್ಣಿಸಿಕೊಂಡು, ಪದವಿ ಬಂದೊಡನೆ ಅವನ್ನು ಮರೆಯುತ್ತದೆ. ಆದ್ದರಿಂದ ಕೈಯಲ್ಲಿ ಪದವಿಯಿಲ್ಲದಾಗ ತಾನು ಏನನ್ನು ಮಾಡಿದೆನೆಂಬುದನ್ನು ನೋಡಿಕೊಳ್ಳಬೇಕೆಂದು ಅವನ ಸಲಹೆ.

ಇಲ್ಲಿಂದ ನಾವು ಗ್ರಂಥದ ಹೃದಯಕ್ಕೆ ಬರುತ್ತೇವೆ. ಮೊದಲನೆಯ ಭಾಗದ ಕೊನೆಯಲ್ಲಿ ಗ್ರೆಗೊರಿಯು ಹಳೆಯ ಒಡಂಬಡಿಕೆಯ ಯಾಜಕಕಾಂಡದಿಂದ ಒಂದು ವಿಚಿತ್ರವಾದ ಪಟ್ಟಿಯನ್ನು ಎತ್ತಿಕೊಳ್ಳುತ್ತಾನೆ. ಯಾಜಕನಾಗತಕ್ಕವನಲ್ಲಿ ಇರಬಾರದ ಅಂಗದೋಷಗಳು ಅಲ್ಲಿ ಹೇಳಲ್ಪಟ್ಟಿವೆ: ಕುರುಡ, ಕುಂಟ, ಮೂಗಿನ ವಿಕಾರವುಳ್ಳವನು, ಕೈಕಾಲು ಮುರಿದವನು, ಗೂನ, ಕಣ್ಣಿನಲ್ಲಿ ಹೂವುಳ್ಳವನು, ಕಜ್ಜಿ ತುರಿಗಳುಳ್ಳವನು. ಇವನ್ನೆಲ್ಲ ಮನಸ್ಸಿನ ದೋಷಗಳೆಂದು ಅವನು ಅರ್ಥಮಾಡುತ್ತಾನೆ. ಇಂಥ ವ್ಯಾಖ್ಯಾನವು ಇಂದಿನ ಓದುಗನಿಗೆ ಕೃತಕವಾಗಿ ತೋರಬಹುದು. ಅಂಗವಿಕಲರನ್ನು ಹೀಗೆ ದೃಷ್ಟಾಂತವಾಗಿ ಬಳಸುವುದು ನಮಗೆ ರುಚಿಸುವುದೂ ಇಲ್ಲ. ಆದರೂ ಅವನು ಮೂಗಿಗೆ ಕೊಟ್ಟ ಅರ್ಥದಲ್ಲಿ ಗ್ರಂಥದ ಕೀಲಿಕೈಯಿದೆ. ಮೂಗು ಎಂದರೆ ವಿವೇಚನೆ. ಸುವಾಸನೆ ದುರ್ವಾಸನೆಗಳನ್ನು ಮೂಗು ದೂರದಿಂದಲೇ ಬೇರ್ಪಡಿಸುವಂತೆ ಗುಣ ದೋಷಗಳನ್ನು ವಿವೇಚನೆಯು ಬೇರ್ಪಡಿಸುತ್ತದೆ. ಸಣ್ಣ ಮೂಗಿನವನಿಗೆ ಅದು ಸಾಲದು. ಅತಿ ದೊಡ್ಡದಾಗಿ ಸೊಟ್ಟಗಾದ ಮೂಗಿನವನಿಗೆ ಅದು ಹೆಚ್ಚಾಗಿ, ಅತಿಸೂಕ್ಷ್ಮತೆಯಿಂದಲೇ ಗೊಂದಲಕ್ಕೆ ಸಿಲುಕುತ್ತಾನೆ. ಲೋಭವನ್ನು ಅವನು ಮೈಮೇಲೆ ಹರಡುವ ಹುಳುಕಡ್ಡಿಗೆ ಹೋಲಿಸಿರುವುದೂ ಸೂಕ್ಷ್ಮವಾದುದೇ: ಅದು ನೋವಿಲ್ಲದೆ ಹರಡುತ್ತದೆ, ರೋಗಿಗೆ ತಿಳಿಯುವ ಹೊತ್ತಿಗೆ ಮೈಯೆಲ್ಲ ವ್ಯಾಪಿಸಿರುತ್ತದೆ.

ಎರಡನೆಯ ಭಾಗದಲ್ಲಿ ಈ ಮೂಗಿಗೆ ಏತಕ್ಕೆ ಅಷ್ಟು ಪ್ರಾಧಾನ್ಯವೆಂಬುದು ಸ್ಪಷ್ಟವಾಗುತ್ತದೆ. ಅಲ್ಲಿಯ ಒಂಬತ್ತನೆಯ ಅಧ್ಯಾಯದ ಪ್ರಕಾರ ಪಾಲಕನಲ್ಲಿ ದೋಷವು ದೋಷದ ವೇಷದಲ್ಲಿ ಬರುವುದಿಲ್ಲ. ಜಿಪುಣತನವು ಮಿತವ್ಯಯವೆಂದೂ, ದುಂದು ಔದಾರ್ಯವೆಂದೂ, ಸಡಿಲತೆ ಕರುಣೆಯೆಂದೂ, ಕಡಿವಾಣವಿಲ್ಲದ ಸಿಟ್ಟು ಧರ್ಮದ ಉತ್ಸಾಹವೆಂದೂ, ದುಡುಕು ಚುರುಕೆಂದೂ, ಸೋಮಾರಿತನ ಗಾಂಭೀರ್ಯವೆಂದೂ ಹೆಸರಿಟ್ಟುಕೊಂಡು ಬರುತ್ತವೆ. ಆಡಳಿತದ ಹತ್ತಿರ ಸ್ವಲ್ಪ ಕಾಲವಾದರೂ ಇದ್ದವರಿಗೆ ಇದು ಪುಸ್ತಕದ ಮಾತಲ್ಲವೆಂದು ತಿಳಿಯುತ್ತದೆ. ತಿಮೊಥೆಯನ ಪತ್ರಿಕೆಯ ಪಟ್ಟಿಗೂ ಇದಕ್ಕೂ ಇರುವ ಅಂತರ ದೊಡ್ಡದು. ಆ ಪಟ್ಟಿಯು ಗುಣವಿದೆಯೇ ಇಲ್ಲವೇ ಎಂದು ಕೇಳುತ್ತದೆ. ಗ್ರೆಗೊರಿಯು, ನೀನು ಗುಣವೆಂದುಕೊಂಡಿರುವುದು ಗುಣವೇ ಎಂದು ಕೇಳುತ್ತಾನೆ. ಅಧಿಕಾರವೇ ಈ ಭ್ರಮೆಯ ಮೂಲವೆಂದೂ ಅವನು ಕಂಡಿದ್ದಾನೆ. ಮೇಲಿನ ಸ್ಥಾನದಲ್ಲಿರುವವನು ಹೇಳಿದುದು ಒಡನೆ ನಡೆಯುತ್ತದೆ. ಒಳ್ಳೆಯದನ್ನು ಮಾಡಿದರೆ ಎಲ್ಲರೂ ಹೊಗಳುತ್ತಾರೆ, ಕೆಟ್ಟದ್ದನ್ನು ಮಾಡಿದರೆ ಎದುರಾಡುವವರಿಲ್ಲ, ಕೆಲವೊಮ್ಮೆ ಅದಕ್ಕೂ ಹೊಗಳಿಕೆಯೇ. ಹೊರಗಿನ ಮಾತನ್ನು ಕೇಳಿ ಕೇಳಿ ತಾನು ಒಳಗೂ ಹಾಗೆಯೇ ಇದ್ದೇನೆಂದು ಅವನು ನಂಬುತ್ತಾನೆ. ಇದಕ್ಕೆ ಪರಿಹಾರವಾಗಿ ಗ್ರೆಗೊರಿಯು ಬಯಸುವುದು ಎರಡು ವಿರುದ್ಧ ಗುಣಗಳ ಸಹವಾಸವನ್ನು: ಒಳ್ಳೆಯವರ ಜೊತೆಯಲ್ಲಿ ಸಮಾನನಾದ ಸಂಗಾತಿ, ಕೆಡುಕಿನ ಎದುರಿನಲ್ಲಿ ಅಧಿಕಾರಿ. ಕರುಣೆಯ ಕಥೆಯಲ್ಲಿ ಸಮಾರ್ಯದವನು ಗಾಯಕ್ಕೆ ದ್ರಾಕ್ಷಾರಸವನ್ನೂ ಎಣ್ಣೆಯನ್ನೂ ಹಾಕಿದನು; ಒಂದು ಉರಿಯುತ್ತದೆ, ಇನ್ನೊಂದು ತಣಿಸುತ್ತದೆ. ಒಂದೇ ಕೈಯಲ್ಲಿ ಎರಡೂ ಇರಬೇಕು.

ಗ್ರಂಥದ ಅರ್ಧಕ್ಕಿಂತಲೂ ಹೆಚ್ಚನ್ನು ಆಕ್ರಮಿಸಿರುವ ಮೂರನೆಯ ಭಾಗವು ನಲವತ್ತು ಅಧ್ಯಾಯಗಳುಳ್ಳದ್ದು. ಬಡವರು ಧನಿಕರು, ಸಂತೋಷಶೀಲರು ದುಃಖಶೀಲರು, ಸೇವಕರು ಯಜಮಾನರು, ಮೌನಿಗಳು ವಾಚಾಳಿಗಳು ಎಂದು ಜೋಡಿಜೋಡಿಯಾಗಿ ಜನರನ್ನು ವಿಂಗಡಿಸಿ, ಯಾರಿಗೆ ಹೇಗೆ ಬುದ್ಧಿ ಹೇಳಬೇಕೆಂಬುದನ್ನು ಅದು ವಿವರಿಸುತ್ತದೆ. ಓದುತ್ತ ಹೋದರೆ ಕೆಲವೆಡೆ ಬೇಸರವಾಗುವುದು ನಿಜ. ಆದರೆ ಪಾಲಕನಿಗೆ ಬೇಕಾದ ವಿವೇಚನೆ ಎಂಥದೆಂಬುದಕ್ಕೆ ಉದಾಹರಣೆಗಳು ಇಲ್ಲಿವೆ. ಮೆಲ್ಲನೆಯ ಸಿಳ್ಳು ಕುದುರೆಯನ್ನು ಸಮಾಧಾನಗೊಳಿಸುತ್ತದೆ, ನಾಯಿಮರಿಯನ್ನು ಕೆರಳಿಸುತ್ತದೆ ಎಂದು ಆರಂಭದಲ್ಲಿಯೇ ಹೇಳಿದ್ದಾನೆ. ಬಡವನಿಗೆ ಸಾಂತ್ವನ, ಧನಿಕನಿಗೆ ಭಯ ಎಂದು ವಿಧಿಸಿದ ಮರುಕ್ಷಣವೇ, ಬಡವನು ಗರ್ವಿಷ್ಠನಾಗಿಯೂ ಧನಿಕನು ವಿನೀತನಾಗಿಯೂ ಇರುವುದುಂಟಾದ್ದರಿಂದ ಉಪದೇಶವೂ ತಿರುಗಬೇಕೆಂದು ಎಚ್ಚರಿಸುತ್ತಾನೆ. ತಾಳ್ಮೆಯುಳ್ಳವನು ಅವಮಾನವನ್ನು ಸಹಿಸಿಕೊಂಡ ಮೇಲೆ, ಏಕಾಂತದಲ್ಲಿ ಅದನ್ನು ನೆನೆನೆನೆದು ಕುದಿಯದಂತೆ ನೋಡಿಕೊಳ್ಳಬೇಕು. ಮೌನಿಗೆ ಮಾತಿನ ದೋಷವಿಲ್ಲವೆಂದು ನಿಶ್ಚಿಂತನಾಗಬಾರದು. ಹೊರಗೆ ಬಾಯಿ ಕಟ್ಟಿದಷ್ಟೂ ಒಳಗಿನ ಗದ್ದಲ ಹೆಚ್ಚುವುದುಂಟು. ಒಂದೇ ಮಾತನ್ನು ಎಲ್ಲರಿಗೂ ಹೇಳುವವನು ಪಾಲಕನಲ್ಲವೆಂಬುದು ಈ ಭಾಗದ ಒಟ್ಟು ಅಭಿಪ್ರಾಯ.

ಗ್ರಂಥಕ್ಕೆ ಅದರ ಕಾಲದಲ್ಲಿಯೇ ಒಬ್ಬ ಒಳ್ಳೆಯ ವಿಮರ್ಶಕನು ದೊರೆತನು. ಸ್ಪೇನಿನ ಕಾರ್ತಹೇನದ ಬಿಷಪ್ಪನಾದ ಲಿಸಿನಿಯಾನಸನು ಇದನ್ನು ಓದಿ ಗ್ರೆಗೊರಿಗೆ ಬರೆದ ಪತ್ರವು ಉಳಿದುಬಂದಿದೆ. ಹೊಗಳಿಕೆಯ ನಡುವೆ ಅವನು ಒಂದು ಸಂಕಟವನ್ನು ತೋಡಿಕೊಳ್ಳುತ್ತಾನೆ. ವೈದ್ಯ ತಿಳಿಯದವನು ವೈದ್ಯನಾಗಬಾರದಂತೆ ಅಶಿಕ್ಷಿತನು ಪಾಲಕನಾಗಬಾರದೆಂದು ಗ್ರಂಥವು ಹೇಳುತ್ತದೆ; ಒಪ್ಪಿದೆವು. ಆದರೆ ನಮ್ಮ ಕಡೆ ಅಂಥ ಶಿಕ್ಷಣವುಳ್ಳವರೇ ಇಲ್ಲ. ಶಿಲುಬೆಗೇರಿದ ಕ್ರಿಸ್ತನನ್ನು ಬಲ್ಲೆನೆಂಬುದು ಸಾಲದಾದರೆ ಇಲ್ಲಿ ಯಾರನ್ನೂ ನೇಮಿಸುವಂತಿಲ್ಲ. ಯಾರನ್ನೂ ನೇಮಿಸದಿದ್ದರೆ ಸಭೆಗಳ ಗತಿಯೇನು? ಆದರ್ಶದ ಗ್ರಂಥಗಳಿಗೆಲ್ಲ ಹೊರಗಿನ ಸೀಮೆಯಲ್ಲಿ ಕೆಲಸ ಮಾಡುವವನು ಕೇಳುವ ಪ್ರಶ್ನೆಯಿದು. ಆದರೂ ಇದು ಗ್ರಂಥದ ನಿಜವಾದ ಕೊರತೆಯನ್ನು ಮುಟ್ಟುವುದಿಲ್ಲವೆಂದು ನನ್ನ ಅಭಿಪ್ರಾಯ. ಯೋಗ್ಯರು ದೊರೆಯದ ಕಷ್ಟ ಒಂದು; ಯೋಗ್ಯನೆಂದು ಆರಿಸಿದವನು ಕೆಟ್ಟಾಗ ಏನು ಮಾಡಬೇಕೆಂಬುದು ಬೇರೊಂದು.

ಕೆಟ್ಟವರು ಗ್ರೆಗೊರಿಯ ಅನುಭವಕ್ಕೆ ಬೇಕಾದಷ್ಟು ಬಂದಿದ್ದರೆಂಬುದಕ್ಕೆ ಪತ್ರಗಳೇ ಸಾಕ್ಷಿ. ಡಾಲ್ಮೇಷಿಯದ ಸಲೋನ ಪಟ್ಟಣದ ಬಿಷಪ್ಪ ನಟಾಲಿಸನು ಔತಣಗಳಲ್ಲಿ ಮುಳುಗಿ, ಸಭೆಯ ಪಾತ್ರೆಗಳನ್ನು ಬಂಧುಗಳಿಗೆ ಕೊಟ್ಟು, ಅಡ್ಡಬಂದ ಹೊನೊರಾಟಸನೆಂಬ ಅಧಿಕಾರಿಯನ್ನು ಬಡ್ತಿಯ ನೆಪದಿಂದ ಅವನ ಸ್ಥಾನದಿಂದ ತಪ್ಪಿಸಲು ನೋಡಿದನು. ಆಕ್ಷೇಪ ಬಂದಾಗ, ಅಬ್ರಹಾಮನೂ ಅತಿಥಿಗಳಿಗೆ ಔತಣ ಮಾಡಲಿಲ್ಲವೇ ಎಂದು ಶಾಸ್ತ್ರವನ್ನೇ ಮುಂದೊಡ್ಡಿದನು. ದುಂದು ಔದಾರ್ಯದ ಹೆಸರಿನಲ್ಲಿ ಬರುತ್ತದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ. ಸಾರ್ಡಿನಿಯದ ಕಾಲ್ಯರಿಯಲ್ಲಿದ್ದ ಮುದುಕ ಬಿಷಪ್ಪ ಜನ್ವಾರಿಯಸನ ಕಥೆ ಇನ್ನೂ ವಿಚಿತ್ರ. ಭಾನುವಾರದ ಪೂಜೆಗೆ ಮುಂಚೆ ಅವನು ನೆರೆಯವನೊಬ್ಬನ ಬೆಳೆಯನ್ನು ಉಳಿಸಿ ಹಾಳುಮಾಡಿಸಿ, ಬಂದು ಪೂಜೆಯನ್ನು ನೆರವೇರಿಸಿ, ಪೂಜೆಯಾದ ಮೇಲೆ ಮತ್ತೆ ಹೋಗಿ ಆ ಹೊಲದ ಗಡಿಕಲ್ಲುಗಳನ್ನು ಕೀಳಿಸಿದನು. 598ರಲ್ಲಿ ಗ್ರೆಗೊರಿಯು ಬರೆದ ಪತ್ರದಲ್ಲಿ ಕೋಪವೂ ಮರುಕವೂ ಒಟ್ಟಿಗೆ ಕಾಣುತ್ತವೆ. ನರೆಗೂದಲನ್ನು ನೋಡಿ ಅವನನ್ನು ಕ್ಷಮಿಸಿ, ದುರ್ಬೋಧೆ ಮಾಡಿದ ಸಲಹೆಗಾರರನ್ನು ಎರಡು ತಿಂಗಳು ಸಭೆಯಿಂದ ಹೊರಗಿಡಲು ಆಜ್ಞಾಪಿಸುತ್ತಾನೆ. ಎಣ್ಣೆ ದ್ರಾಕ್ಷಾರಸಗಳ ಉಪದೇಶವು ಇಲ್ಲಿ ಆಚರಣೆಗೆ ಬಂದಿದೆ. ಎಣ್ಣೆಯೆಲ್ಲ ಬಿಷಪ್ಪನ ಪಾಲಿಗೂ ದ್ರಾಕ್ಷಾರಸವೆಲ್ಲ ಸೇವಕರ ಪಾಲಿಗೂ ಬಂದಿತೆಂಬುದು ಬೇರೆ ಮಾತು. ಹೊಲ ಕಳೆದುಕೊಂಡವನಿಗೆ ಇದು ಎಷ್ಟು ಸಮಾಧಾನ ಕೊಟ್ಟಿತೋ! ಅದೇ ಊರಿನಲ್ಲಿ ಕ್ರೈಸ್ತನಾದ ಯೆಹೂದ್ಯನೊಬ್ಬನು ಯೆಹೂದ್ಯರ ಪ್ರಾರ್ಥನಾಮಂದಿರಕ್ಕೆ ನುಗ್ಗಿ ಶಿಲುಬೆಯನ್ನೂ ಚಿತ್ರವನ್ನೂ ಇಟ್ಟಾಗ, ಅವನ್ನು ಮರ್ಯಾದೆಯಿಂದ ತೆಗೆದು ಮಂದಿರವನ್ನು ಬಿಟ್ಟುಕೊಡಬೇಕೆಂದು 599ರಲ್ಲಿ ಬರೆದವನೂ ಈ ಗ್ರೆಗೊರಿಯೇ. ಸಿಟ್ಟು ಧರ್ಮೋತ್ಸಾಹದ ವೇಷದಲ್ಲಿ ಬಂದುದನ್ನು ಅವನು ಅಲ್ಲಿ ಗುರುತಿಸಿದನು.

ಈ ಪತ್ರಗಳಲ್ಲೆಲ್ಲ ಒಂದು ಸಂಗತಿ ಸಮಾನವಾಗಿದೆ. ತಪ್ಪಿದ ಬಿಷಪ್ಪನು ತನ್ನ ತಪ್ಪನ್ನು ತಾನೇ ಕಾಣಲಿಲ್ಲ. ಯಾರೋ ದೂರು ಕೊಟ್ಟರು, ರೋಮಿನಿಂದ ವಿಚಾರಣೆ ಬಂದಿತು. ಆದರೆ ಗ್ರಂಥದಲ್ಲಿ ಇದಕ್ಕೆ ಸ್ಥಾನವೆಲ್ಲಿ? ಮೂರನೆಯ ಭಾಗದ ನಾಲ್ಕನೆಯ ಅಧ್ಯಾಯದಲ್ಲಿ ಅಧೀನರು ಮೇಲಿನವರ ನಡತೆಯನ್ನು ದುಡುಕಿನಿಂದ ಅಳೆಯಬಾರದು, ದೋಷ ಕಂಡರೂ ಗೌರವವನ್ನು ಬಿಡಬಾರದು ಎಂದು ಹೇಳಿದೆ. ಗವಿಯಲ್ಲಿ ಸೌಲನ ಬಟ್ಟೆಯ ಅಂಚನ್ನು ಕೊಯ್ದುದಕ್ಕಾಗಿ ದಾವೀದನ ಮನಸ್ಸು ಅವನನ್ನೇ ಹೊಡೆಯಿತೆಂಬುದು ದೃಷ್ಟಾಂತ. ಎರಡನೆಯ ಭಾಗದಲ್ಲಿ, ಒಳ್ಳೆಯ ಪಾಲಕನು ಅಧೀನರ ಬಿಚ್ಚುಮಾತನ್ನು ಸಹಿಸಬೇಕೆಂದೂ, ಪೇತ್ರನು ಪೌಲನ ಆಕ್ಷೇಪವನ್ನು ಒಪ್ಪಿದನೆಂದೂ ಹೇಳಿರುವುದನ್ನು ಮರೆಯಬಾರದು. ಆದರೆ ಅದು ಪಾಲಕನ ವಿನಯಕ್ಕೆ ಹೇಳಿದ ಮಾತು, ಅಧೀನನ ಹಕ್ಕನ್ನು ಕುರಿತುದಲ್ಲ. ಪಾಲಕನು ವಿನೀತನಾಗಿದ್ದರೆ ಮಾತಿಗೆ ಎಡೆಯುಂಟು. ವಿನೀತನಾಗದಿದ್ದರೆ, ಮಾತು ಅತ್ಯಂತ ಅವಶ್ಯವಾದಾಗಲೇ, ಎಡೆಯಿಲ್ಲ. ಗ್ರೆಗೊರಿಗೆ ಬೇರೆ ಮಾದರಿಗಳು ತಿಳಿದಿರಲಿಲ್ಲವೆನ್ನುವಂತಿಲ್ಲ. ತಿಮೊಥೆಯನ ಪತ್ರಿಕೆಯು ಹಿರಿಯನ ಮೇಲೆ ಇಬ್ಬರು ಮೂವರು ಸಾಕ್ಷಿಗಳಿದ್ದರೆ ದೂರನ್ನು ಸ್ವೀಕರಿಸಬೇಕೆಂದೂ, ತಪ್ಪಿದವನನ್ನು ಎಲ್ಲರ ಮುಂದೆ ಗದರಿಸಬೇಕೆಂದೂ ಐದನೆಯ ಅಧ್ಯಾಯದಲ್ಲಿ ವಿಧಿಸುತ್ತದೆ. ಬೆನೆಡಿಕ್ಟನ ಮಠನಿಯಮದಲ್ಲಿ ಮಠಾಧಿಪತಿಯು ಮುಖ್ಯ ವಿಷಯಗಳಲ್ಲಿ ಎಲ್ಲ ಸಹೋದರರನ್ನೂ ಕರೆದು ಕೇಳಬೇಕು, ಕಿರಿಯನಿಗೇ ಒಳ್ಳೆಯದು ಹೊಳೆಯುವುದುಂಟು ಎಂದಿದೆ. ಅಯೋಗ್ಯನು ಆರಿಸಲ್ಪಟ್ಟರೆ ಸುತ್ತಲಿನ ಬಿಷಪ್ಪನೂ ಮಠಾಧಿಪತಿಗಳೂ ತಡೆಯಬೇಕೆಂದೂ ಇದೆ. ಆ ನಿಯಮವನ್ನು ಅದರ ವಿವೇಚನೆಗಾಗಿಯೇ ಗ್ರೆಗೊರಿಯು ತನ್ನ ಸಂವಾದಗಳ ಗ್ರಂಥದಲ್ಲಿ ಕೊಂಡಾಡಿದ್ದಾನೆ. ಆದರೂ ಪಾಲಕನ ಗುಣದ ಕಾವಲನ್ನು ಅವನು ಪಾಲಕನ ಅಂತಃಸಾಕ್ಷಿಗೇ ಬಿಟ್ಟುಬಿಟ್ಟನು. ಮೂಗು ಕೆಟ್ಟವನಿಗೆ ತನ್ನ ಮೂಗು ಕೆಟ್ಟಿದೆಯೆಂಬ ವಾಸನೆಯೂ ತಿಳಿಯದೆಂಬುದು ಅವನದೇ ತರ್ಕದಿಂದ ಹೊರಡುತ್ತದೆ. ಅವನು ಅಲ್ಲಿಯವರೆಗೆ ಹೋಗಲಿಲ್ಲ.

ಇತರ ಬಿಷಪ್ಪರಿಗೆ ಗ್ರೆಗೊರಿಯು ಇದ್ದನು, ಗ್ರೆಗೊರಿಗೆ ಯಾರಿದ್ದರು? 593ರಲ್ಲಿ ಮೋರೀಸನು ಸೈನಿಕರು ಮಠಗಳನ್ನು ಸೇರದಂತೆ ಶಾಸನವನ್ನು ಹೊರಡಿಸಿದಾಗ ಗ್ರೆಗೊರಿಯು ಆಜ್ಞೆಯನ್ನು ಪ್ರಕಟಿಸಿಯೂ, ಅದು ದೈವಸಮ್ಮತವಲ್ಲವೆಂದು ನೇರವಾಗಿ ಬರೆದನು. ಆಳುವವನ ಎದುರಿನಲ್ಲಿ ಆಡತಕ್ಕ ಮಾತು ಅವನಿಗೆ ತಿಳಿದಿತ್ತು. 602ರ ನವೆಂಬರಿನಲ್ಲಿ ಫೋಕಸನೆಂಬ ಸೇನಾಧಿಕಾರಿಯು ದಂಗೆಯೆದ್ದು, ಮೋರೀಸನ ಮಕ್ಕಳನ್ನು ಅವನ ಕಣ್ಣೆದುರಿಗೇ ಕೊಲ್ಲಿಸಿ, ಅವನನ್ನೂ ಕೊಲ್ಲಿಸಿ ಪಟ್ಟವೇರಿದನು. ಆ ಮನೆತನದ ಮಗುವೊಂದರ ದೀಕ್ಷಾಸ್ನಾನದಲ್ಲಿ ಗ್ರೆಗೊರಿಯು ಧರ್ಮಪಿತನಾಗಿ ನಿಂತಿದ್ದನು. ಆದರೆ 603ರಲ್ಲಿ ಅವನು ಫೋಕಸನಿಗೆ ಬರೆದ ಪತ್ರದಲ್ಲಿ ದೇವರಿಗೆ ಸ್ತೋತ್ರವಿದೆ, ಲೋಕಕ್ಕೆಲ್ಲ ಹರ್ಷವೆಂಬ ಮಾತಿದೆ. ಸತ್ತವರ ಮಾತೇ ಇಲ್ಲ. ಗಿಬ್ಬನ್ನನು ಇದನ್ನು ತೀಕ್ಷ್ಣವಾಗಿ ಖಂಡಿಸಿದ್ದಾನೆ. ಪಕ್ಷಪಾತಿಗಳು ಲೊಂಬಾರ್ಡರ ಭಯವನ್ನೂ, ರೋಮಿನ ನಿರ್ಗತಿಯನ್ನೂ, ಗ್ರೆಗೊರಿಯ ದೀರ್ಘವ್ಯಾಧಿಯನ್ನೂ ಮುಂದೆ ಮಾಡುತ್ತಾರೆ. ಇವೆಲ್ಲ ನಿಜವೇ. ಕೊಲೆಯ ವಿವರಗಳೆಲ್ಲ ಅವನಿಗೆ ಆಗಲೇ ತಲಪಿದ್ದುವೆಂದು ಸಾಧಿಸುವುದೂ ಸುಲಭವಲ್ಲ. ಆದರೆ ‘ಪಾಲಕನಿಯಮ’ದ ಓದುಗನಿಗೆ ಎದುರಾಗುವ ಪ್ರಶ್ನೆ ಬೇರೆ.

ಹೇಳಬೇಕಾದಲ್ಲಿ ಸುಮ್ಮನಿರುವ ಪಾಲಕರನ್ನು ಬೊಗಳದ ನಾಯಿಗಳೆಂದು ಪ್ರವಾದಿಯ ಮಾತಿನಿಂದ ಜರೆದವನು, ತನ್ನ ಮೌನವನ್ನು ಯಾವ ಗುಣದ ಹೆಸರಿನಿಂದ ಕರೆದುಕೊಂಡಿರಬಹುದು? ಜನರ ಕ್ಷೇಮವೆಂದೇ? ದೈವಸಂಕಲ್ಪಕ್ಕೆ ವಿಧೇಯತೆಯೆಂದೇ? ಅವನು ಕಪಟಿಯಾಗಿದ್ದನೆಂದು ನಾನು ಎಣಿಸುವುದಿಲ್ಲ. ಕಪಟಿಯಾಗಿರಲಿಲ್ಲವೆಂಬುದರಿಂದಲೇ ಇದು ಅವನ ಒಂಬತ್ತನೆಯ ಅಧ್ಯಾಯಕ್ಕೆ ಅತ್ಯಂತ ಯೋಗ್ಯವಾದ ಉದಾಹರಣೆಯಾಗಿದೆ.

ಗ್ರಂಥದ ಮುಂದಿನ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬಹುದು. ಅವನು ಬದುಕಿದ್ದಾಗಲೇ ಅಂತಿಯೋಕ್ಯದ ಅನಸ್ತಾಸಿಯಸನು ಅದನ್ನು ಗ್ರೀಕಿಗೆ ತಿರುಗಿಸಿದನು. 813ರಲ್ಲಿ ಷಾರ್ಲಮೇನನು ಕೂಡಿಸಿದ ಸಭಾಪರಿಷತ್ತುಗಳು ಬಿಷಪ್ಪರಿಗೆ ಇದರ ವ್ಯಾಸಂಗವನ್ನು ವಿಧಿಸಿದುವು. ಒಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಆಲ್ಫ್ರೆಡ್ ರಾಜನು ಇದನ್ನು ದೇಶಭಾಷೆಗೆ ತಂದು, ತನ್ನ ರಾಜ್ಯದ ಬಿಷಪ್ಪರಿಗೆ ಒಂದೊಂದು ಪ್ರತಿಯನ್ನು ಕಳುಹಿಸಿದನು. ಇಷ್ಟು ಶತಮಾನಗಳ ಕಾಲ ಓದಿದವರಿಗೂ ಗ್ರಂಥದ ಆ ಬಿರುಕು ಮುಚ್ಚಲಿಲ್ಲ. ಫ್ರಾನ್ಸಿನ ಬಿಷಪ್ಪರೂ ಧಾರ್ಮಿಕ ಸಂಘಗಳೂ ನೇಮಿಸಿದ, ಜಾನ್-ಮಾರ್ಕ್ ಸೋವೆಯ ಅಧ್ಯಕ್ಷತೆಯ ಆಯೋಗವು 2021ರ ಅಕ್ಟೋಬರಿನಲ್ಲಿ ತನ್ನ ವರದಿಯನ್ನು ಒಪ್ಪಿಸಿತು. 1950ರಿಂದ ಈಚೆಗೆ ಪಾದ್ರಿಗಳಿಂದ ಮಕ್ಕಳ ಮೇಲೆ ನಡೆದ ಅತ್ಯಾಚಾರಗಳನ್ನೂ, ಮೇಲಿನವರು ಅವುಗಳ ವಿಷಯದಲ್ಲಿ ತೋರಿದ ಉದಾಸೀನವನ್ನೂ ಅದು ವಿಚಾರಿಸಿತ್ತು. ಅದರ ಶಿಫಾರಸುಗಳಲ್ಲಿ ಪಾದ್ರಿಗಳ ಶಿಕ್ಷಣದ ಮಾತೂ ಉಂಟು. ಆದರೆ ಅದು ಒತ್ತಿ ಹೇಳಿದ ಮಾತುಗಳಲ್ಲಿ ಒಂದು, ಪವಿತ್ರ ಕರ್ಮದ ಅಧಿಕಾರವೂ ಆಡಳಿತದ ಅಧಿಕಾರವೂ ಒಬ್ಬನೇ ವ್ಯಕ್ತಿಯ ಕೈಯಲ್ಲಿ ಕೂಡಿರುವುದನ್ನು ಪರಿಶೀಲಿಸಬೇಕೆಂಬುದು.

ಈ ವಿಷಯದಲ್ಲಿ ಗ್ರೆಗೊರಿಯ ಗ್ರಂಥಕ್ಕಿಂತ ಅವನ ಒಂದು ಪತ್ರವು ಮುಂದೆ ಹೋಗಿದೆಯೆಂದು ನನಗೆ ತೋರುತ್ತದೆ. ಅದು ಸಿಸಿಲಿಯಲ್ಲಿ ಸಭೆಯ ಜಮೀನುಗಳನ್ನು ನೋಡಿಕೊಳ್ಳುತ್ತಿದ್ದ ಪೀಟರನೆಂಬ ಅಧಿಕಾರಿಗೆ 591ರಲ್ಲಿ, ಎಂದರೆ ‘ಪಾಲಕನಿಯಮ’ದ ಮಸಿ ಆರುವ ಹೊತ್ತಿಗೇ, ಬರೆದುದು. (ಈ ಪೀಟರನು ಮುಂದೊಮ್ಮೆ ಒಂದು ಕೆಟ್ಟ ಕುದುರೆಯನ್ನೂ ಐದು ಒಳ್ಳೆಯ ಕತ್ತೆಗಳನ್ನೂ ಕಳುಹಿಸಿದಾಗ, ಕುದುರೆ ಕೆಟ್ಟದ್ದಾದ್ದರಿಂದಲೂ ಕತ್ತೆಗಳು ಕತ್ತೆಗಳಾದ್ದರಿಂದಲೂ ಯಾವುದರ ಮೇಲೂ ಹತ್ತುವಂತಿಲ್ಲವೆಂದು ಗ್ರೆಗೊರಿಯು ಉತ್ತರ ಬರೆದನು.) ಗೇಣಿದಾರರಿಂದ 18 ಸೆಕ್ಸ್‌ಟೇರಿಯಸಿಗಿಂತ ಹೆಚ್ಚು ಹಿಡಿಯುವ ಕೊಳಗದಲ್ಲಿ ಧಾನ್ಯವನ್ನು ಅಳೆದುಕೊಳ್ಳಬಾರದು, ಕಳ್ಳತೂಕಗಳನ್ನು ಇಡಬಾರದು, ರೈತರ ಮದುವೆಗಳಿಗೆ ಒಂದು ಸಾಲಿಡಸ್ ನಾಣ್ಯಕ್ಕಿಂತ ಹೆಚ್ಚಿನ ಕಾಣಿಕೆ ಕೂಡದು, ಬಡವರಾದರೆ ಅದಕ್ಕೂ ಕಡಮೆ. ಇವೆಲ್ಲ ಅಧಿಕಾರಿಗೆ ಕೊಟ್ಟ ಆಜ್ಞೆಗಳು. ಅಷ್ಟಕ್ಕೇ ಗ್ರೆಗೊರಿಯು ನಿಲ್ಲಲಿಲ್ಲ. ಪೀಟರನು ಒಳ್ಳೆಯವನೆಂದು ಅವನು ನಂಬಿದ್ದನು. ನಂಬಿಯೂ, ಈ ಪತ್ರವನ್ನು ಜಮೀನು ಜಮೀನುಗಳಲ್ಲಿ ರೈತರ ಮುಂದೆ ಓದಿಸಬೇಕು, ಬಲಾತ್ಕಾರ ಬಂದಾಗ ಯಾವ ಆಧಾರದಿಂದ ತಮ್ಮನ್ನು ಕಾಪಾಡಿಕೊಳ್ಳಬೇಕೆಂಬುದು ಅವರಿಗೆ ತಿಳಿಯಬೇಕು, ಮೂಲವನ್ನೋ ಅದರ ಪ್ರತಿಗಳನ್ನೋ ಅವರ ಕೈಗೇ ಕೊಡಬೇಕು ಎಂದು ಬರೆದನು.